ಉಸ್ಮಾನ ಮಿಯಾನ ಮೊದಲ ಪಾಳಿ

ಔರಾದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ನಾಲ್ಕು ಮಂದಿ ಕೂಡಿದರೆ ಸಾಕು, ಕುರಿ ದಲಾಲ ಉಸ್ಮಾನ ಮಿಯಾ ಎರಡು ಮಾತು ಹೇಳಿಯೇ ಹೇಳುತ್ತಿದ್ದ. ಒಂದು, ತಾನು ಒದ್ದ ತತ್ತಿ ಚೆಂಡು ಬೀದರ ಕೋಟೆಯ ಮೇಲಿಂದ ಹಾರಿ, ಭಾಲ್ಕಿಯ ಕೆರೆಯಲ್ಲಿ ನೀರು ಕುಡಿದು, ಮೂರನೇ ದಿನ ತಾನಾಗಿಯೇ ಔರಾದಿಗೆ ವಾಪಸು ಬಂತು. ಎರಡು, ತಾನು ಹುಟ್ಟಿದಾಗಿನಿಂದ ಒಂದೇ ಒಂದು ಸುಳ್ಳು ಹೇಳಿಲ್ಲ. ಮೊದಲನೆಯದನ್ನಾದರೂ ಯಾರಾದರೂ ನಂಬಿಯಾರು. ಎರಡನೆಯದನ್ನು ಅವನ ಹೆಂಡತಿ ಬಿಸ್ಮಿಲ್ಲಾಬೀ ಕೂಡ ನಂಬಿರಲಿಲ್ಲ.

ಆದರೆ ಅವನ ಕಣ್ಣಿಗೆ ಎದುರಾಡುವವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಗಬ್ಬದ ಕುರಿಯನ್ನು ರಸ್ತೆಯ ಆಚೆಯಿಂದ ನೋಡಿ ಹುಟ್ಟುವ ಮರಿಯ ತೂಕ ಹೇಳುತ್ತಿದ್ದ. ಅವನ ಹಿತ್ತಲಲ್ಲಿ ಕಿವಿ ಹರಿದ ಒಂದು ಕರಿ ಟಗರಿತ್ತು, ಹೆಸರು ಬಾದಶಾ. ನಿಜಾಮರ ಕುದುರೆ ಲಾಯದ ಪಕ್ಕದಲ್ಲಿ ಬೆಳೆದ ವಂಶ ಅದು, ಅದರ ಮುತ್ತಜ್ಜನಿಗೆ ಸಲಾಮು ಹೊಡೆಯಲಿಕ್ಕೆ ಒಬ್ಬ ಸಿಪಾಯಿ ಇದ್ದ ಎಂದು ಉಸ್ಮಾನ ಮಿಯಾ ಹೇಳುತ್ತಿದ್ದ. ಟಗರು ಮಾತ್ರ ಸುಮ್ಮನೆ ಮೆಲುಕು ಹಾಕುತ್ತಿತ್ತು.

ತತ್ತಿ ಚೆಂಡು ಎಂದರೆ ಆಸ್ಟ್ರೇಲಿಯಾದ ಫುಟ್‌ಬಾಲು. ಭಾಲ್ಕಿಯ ಸುವರ್ಣಾ ಟೀಚರು, ಸಾಲೆಯಲ್ಲಿ ಆಟ ಕಲಿಸುವವರು, ಯಾವುದೋ ಶಿಬಿರಕ್ಕೆ ಹೋಗಿ ಐದು ಚೆಂಡು ಹೊತ್ತು ತಂದು ಜಿಲ್ಲೆಗೆ ಅಂಟಿಸಿದ ಹುಚ್ಚು. ಚೆಂಡು ತತ್ತಿಯ ಆಕಾರದ್ದು. ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯಬೇಕೆಂದು ಅದಕ್ಕೂ ಗೊತ್ತಿರುವುದಿಲ್ಲ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ, ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ. ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ, ಅವನು ನಿಂತು ಸಾವಕಾಶ ಗುರಿಯಿಟ್ಟು ಒದೆಯಬಹುದು. ಹಾಗಾಗಿ ಈ ಆಟದಲ್ಲಿ ಎತ್ತರ ಹಾರುವವನೇ ದೊರೆ.

ಬೀದರ, ಭಾಲ್ಕಿ, ಔರಾದ ಮೂರು ತಂಡ, ಒಂದೊಂದರಲ್ಲಿ ಒಂಬತ್ತು ಮಂದಿ. ಔರಾದಿನ ತಂಡ ಉಸ್ಮಾನ ಮಿಯಾನ ಕೈಗೆ ಬಂದದ್ದು ಆಟದ ತಿಳಿವಳಿಕೆಯಿಂದಲ್ಲ, ಒಂಬತ್ತೂ ಮಂದಿಯನ್ನು ಹೇರುವಷ್ಟು ದೊಡ್ಡ ಗಾಡಿ ಅವನೊಬ್ಬನ ಹತ್ತಿರ ಇದ್ದುದರಿಂದ. ಕುರಿಯ ವಾಸನೆ ಹೊತ್ತು ಇಳಿಯುತ್ತಿದ್ದ ತಂಡವನ್ನು ಕಂಡು ಎದುರಾಳಿಗಳು ನಾಲ್ಕು ಮಾರು ದೂರ ಸರಿಯುತ್ತಿದ್ದರು. ಔರಾದಿನವರ ರಕ್ಷಣೆ ಅಂತ ಇದ್ದದ್ದು ಅದೊಂದೇ. ಮೂರು ವರ್ಷ ಮೂರೂ ಸಲ ಕಡೆಯ ಸ್ಥಾನ.

ನಿಯಮ ಹೀಗಿತ್ತು: ನಾಲ್ಕನೇ ಸಲವೂ ಕಡೆಗೆ ಬಂದ ತಂಡವನ್ನು ಪಟ್ಟಿಯಿಂದ ತೆಗೆಯುವುದು, ಆಡಬಲ್ಲ ನಾಲ್ಕೈದು ಮಂದಿಯನ್ನು ಉಳಿದ ಎರಡೂ ತಂಡ ಹಂಚಿಕೊಳ್ಳುವುದು. ಉಳಿದವರು ಮನೆಗೆ. ಕಳೆದ ವರ್ಷ ಸೋತು ಮರಳುವಾಗ ಗಾಡಿಯ ಹಿಂದೆ ಒಂಬತ್ತು ಮಂದಿ ಕುರಿಗಳಂತೆ ಒತ್ತಿ ಕುಳಿತಿದ್ದರು. ಜನವಾಡ ದಾಟಿದ ಮೇಲೆ ಒಬ್ಬ ಕೇಳಿದ್ದ, “ಮಿಯಾ, ಔರಾದ ಅಂತ ಹೆಸರು ಉಳೀತದೇನ್ರಿ?”

“ಉಳಿಯೂದೇನೋ! ಗೆದ್ದವರ ಕಪ್ಪು ತರ್ತೇನಿ, ಕಪ್ಪು. ಬರೂ ವರ್ಷ ಆಸ್ಟ್ರೇಲಿಯಾದವರು ನಿಮ್ಮ ಆಟ ನೋಡಿ ಚೆಂಡು ಬಿಟ್ಟು ಕುರಿ ಕಾಯ್ಲಾಕ ಹೋಗ್ತಾರ!” ಎಂದು ಅವನು ಸ್ಟೇರಿಂಗಿಗೆ ಗುದ್ದಿದ್ದ. ಮರುದಿನದಿಂದ ಕುರಿ ನೋಡಲು ಹೋದಲ್ಲೆಲ್ಲ ಹುಡುಗರ ಕಾಲನ್ನೂ ನೋಡತೊಡಗಿದ.

ಕಡೆಗೆ ಬಂದವರಿಗೆ ಇದ್ದದ್ದು ಒಂದೇ ಸಮಾಧಾನ: ಡ್ರಾಫ್ಟು. ಹೊಸ ಆಟಗಾರರ ಹೆಸರೆಲ್ಲ ಸುವರ್ಣಾ ಟೀಚರ ಕೈಯಲ್ಲಿರುವ ಒಂದು ಪಟ್ಟಿಯಲ್ಲಿ. ಪಾಳಿಯ ಪ್ರಕಾರ ಒಂದೊಂದು ತಂಡ ಒಬ್ಬೊಬ್ಬನನ್ನು ಆರಿಸಬೇಕು. ಸೋತವರಿಗೆ ಮೊದಲ ಪಾಳಿ.

ಆ ಮೊದಲ ಪಾಳಿಗೆ ತಕ್ಕವನು ಅವನಿಗೆ ಠಾಣಾ ಕುಶನೂರಿನಲ್ಲಿ ಕಣ್ಣಿಗೆ ಬಿದ್ದ. ಸಖುಬಾಯಿ ಎಂಬ ಕುರುಬ ಹೆಂಗಸಿನ ಹಿಂಡು ನೋಡಲು ಹೋದವನು ಹಿಂಡನ್ನು ಮರೆತು ನಿಂತುಬಿಟ್ಟ. ಅವಳ ಮಗ ಹಣಮಂತ, ಇಪ್ಪತ್ತರ ಪ್ರಾಯದವನು, ಕುರಿಗಳಿಗೆ ಜಾಲಿಕಾಯಿ ಉದುರಿಸುತ್ತಿದ್ದ. ಕೈಯಲ್ಲಿ ಕೋಲಿಲ್ಲ. ನಿಂತಲ್ಲಿಂದ ಚಿಮ್ಮಿ, ಗಾಳಿಯಲ್ಲಿ ಒಂದು ಕ್ಷಣ ತಡೆದು, ಮುಳ್ಳು ತಾಗದಂತೆ ಕಾಯಿ ಕಿತ್ತು ಇಳಿಯುತ್ತಿದ್ದ. ಮೇಲೆ ಹಾರುತ್ತಿದ್ದ ಹದ್ದೊಂದು ದಾರಿ ಬಿಟ್ಟು ಸರಿಯಿತು ಎಂದು ಉಸ್ಮಾನ ಮಿಯಾ ಆಮೇಲೆ ಆಣೆ ಮಾಡಿದ. ಅದೇನೇ ಇರಲಿ, ಅವನ ರೋಮ ನಿಮಿರಿದ್ದಂತೂ ಖರೆ. ಹಣಮಂತನಿಗೆ ಚೆಂಡು ಕೊಟ್ಟು ನೋಡಿದ, ಪಟ್ಟಿಗೆ ಹೆಸರು ಬರೆಸಿದ.

ಮೊದಲ ಪಾಳಿ ಕೈಯಲ್ಲಿತ್ತು. ಹೆಸರು ಹೇಳಿದ್ದರೆ ಮುಗಿಯುತ್ತಿತ್ತು, ಯಾರೂ ಕಸಿಯುವಂತಿರಲಿಲ್ಲ. ಆದರೆ ಹಲಬರ್ಗಾದಲ್ಲಿ ಅಮೋಲ್ ಎಂಬ ಇನ್ನೊಬ್ಬನಿದ್ದ, ಅರವತ್ತು ಗಜ ದೂರದಿಂದ ಕಂಬದ ನಡುವೆ ಒದೆಯುವವನು. ಒಬ್ಬ ಹಿಡಿಯುವವ, ಒಬ್ಬ ಒದೆಯುವವ. ಇಬ್ಬರೂ ಸಿಕ್ಕರೆ ಕಪ್ಪು ಔರಾದಿನದು. ಅಮೋಲನ ಒದೆತ ಊರೆಲ್ಲ ಕಂಡದ್ದು, ಅವನು ಎರಡನೇ ಪಾಳಿಯವರೆಗೆ ಉಳಿಯುವುದಿಲ್ಲ. ಹಣಮಂತನನ್ನು ಬಲ್ಲವರಿಲ್ಲ. ಆದರೆ ಹಾರುವ ಮನುಷ್ಯ ಎಷ್ಟು ದಿನ ಮುಚ್ಚಿರುತ್ತಾನೆ?

ಕುರಿ ಸಂತೆಯಲ್ಲಿ ಮೂವತ್ತು ವರ್ಷ ಮಾಡಿದ್ದನ್ನೇ ಉಸ್ಮಾನ ಮಿಯಾ ಇಲ್ಲಿಯೂ ಮಾಡಿದ. ಬೇಕಾದ ಕುರಿಯನ್ನು ದಲಾಲ ಎಂದೂ ಹೊಗಳುವುದಿಲ್ಲ. ಕುಂಟು ಅನ್ನುತ್ತಾನೆ, ಕೆಮ್ಮು ಅನ್ನುತ್ತಾನೆ, ಮುಖ ತಿರುಗಿಸಿ ನಡೆಯುತ್ತಾನೆ. ಬೇರೆ ಗಿರಾಕಿಗಳು ಸರಿದ ಮೇಲೆ ಹಗ್ಗ ಹಿಡಿಯುತ್ತಾನೆ.

ಜನವಾಡದಲ್ಲಿ ಬೀದರ ತಂಡ ನಡೆಸುವ ಅಬ್ದುಲ ವಾಹೀದ ಸಿಕ್ಕಾಗ ಶುರುವಾಯಿತು. “ಕುಶನೂರ ಹುಡುಗಾನ ನೋಡ್ದಿ ಏನೋ ವಾಹೀದ? ಹಾರ್ತಾನ, ಖರೆ. ಆದ್ರ ಮಣಕಾಲ ಹೋಗ್ಯದ. ಪಾಪ.” ಮುಂದಿನ ಸಂತೆಯಲ್ಲಿ ಎರಡೂ ಮೊಣಕಾಲು ಹೋದವು. ಭಾಲ್ಕಿಯ ಬಸ್ಸಿನಲ್ಲಿ, ಅಲ್ಲಿನ ತಂಡವನ್ನೂ ನೋಡಿಕೊಳ್ಳುತ್ತಿದ್ದ ಸುವರ್ಣಾ ಟೀಚರಿಗೆ ಕೇಳುವಂತೆ ಹೇಳುವ ಹೊತ್ತಿಗೆ ಮೊಣಕಾಲು ಬಿಟ್ಟು ರೋಗ ಎದೆಗೆ ಏರಿತ್ತು. “ದಿಲ್‌ನಾಗ ತೂತು ಅದ್ರಿ. ಅವನ ಕಣ್ಣ ಕೆಳಗಿನ ನೀಲಿ ನಾ ನೋಡೇನಿ. ಇಂಥಾವು ಓಡ್ತಾ ಓಡ್ತಾನೇ ಉರುಳ್ತಾವ.”

ಮಾತು ಬಸ್ಸಿಗಿಂತ ಬೇಗ ಠಾಣಾ ಕುಶನೂರು ಮುಟ್ಟಿತು. ಅದು ಅವನ ಲೆಕ್ಕದಲ್ಲಿ ಇರಲಿಲ್ಲ. ತೆಗಳಿದ್ದು ತಿಳಿದರೆ ಕುರಿ ಅಳುವುದಿಲ್ಲ. ಅದರ ತಾಯಿ ಬೀದರಿಗೆ ಬಸ್ಸು ಹತ್ತುವುದಿಲ್ಲ.

ಡ್ರಾಫ್ಟಿನ ದಿನ ಬೀದರಿನ ಒಂದು ಸಾಲೆಯ ಕೋಣೆಯಲ್ಲಿ ಎಲ್ಲರೂ ಕೂಡಿದರು. ಹೊರಗೆ ಗಾಡಿಯ ಹತ್ತಿರ ಔರಾದಿನ ಒಂಬತ್ತು ಮಂದಿ ಕಿಟಕಿಗೆ ಕಣ್ಣು ನೆಟ್ಟು ನಿಂತಿದ್ದರು. ಉಸ್ಮಾನ ಮಿಯಾ ಗಂಟಲು ಸರಿಮಾಡಿಕೊಂಡು, “ಅಮೋಲ್” ಎಂದ. ಭಾಲ್ಕಿಯವರು ಒಬ್ಬನನ್ನು ಹಿಡಿದರು, ಬೀದರಿನವರು ಒಬ್ಬನನ್ನು. ಹಣಮಂತನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಉಸ್ಮಾನ ಮಿಯಾನಿಗೆ ಒಳಗೊಳಗೇ ನಗು ಉಕ್ಕಿತು. ಪಾಳಿ ತಿರುಗಿ ಬಂತು.

“ಠಾಣಾ ಕುಶನೂರಿನ ಹಣಮಂತ!”

ಸುವರ್ಣಾ ಟೀಚರು ಪಟ್ಟಿಯಿಂದ ತಲೆ ಎತ್ತಿದರು. “ಆ ಹೆಸರು ಇಲ್ರಿ ಮಿಯಾ. ಅವನ ಅವ್ವ ಮುಂಜಾನಿ ಬಂದು ತೆಗಸಿಹಾಕ್ಯಾಳ. ಮಗನ ಎದಿಯಾಗ ತೂತು ಅದ ಅಂತ. ದವಾಖಾನಿಗಿ ಕರಕೊಂಡು ಹೋಗ್ಯಾಳ.”

“ಬ್ಯಾರೆ ಯಾರರ ಹೇಳ್ರಿ,” ಎಂದ ವಾಹೀದ. “ದಿಲ್ ತೂತು ಅಂತ ನೀವೇ ಹೇಳಿದ್ರಲ್ಲ?”

ಉಳಿದ ಹೆಸರುಗಳನ್ನು ಉಸ್ಮಾನ ಮಿಯಾ ನೋಡಿದ, ಒಬ್ಬನೂ ಹಾರುವವನಲ್ಲ. ಅಮೋಲ್ ಒದೆಯುವವನು, ನಿಜ. ಆದರೆ ಚೆಂಡು ಹಿಡಿದು ಕೊಡುವವನಿಲ್ಲದೆ ಏನನ್ನು ಒದೆಯುತ್ತಾನೆ? ಕಿಟಕಿಯಲ್ಲಿ ಒಂಬತ್ತು ಮುಖ. “ಟೀಚರ್, ನನ್ನ ಪಾಳಿ ಹಿಡೀರಿ. ಕೈ ಮುಗೀತೇನಿ.”

“ಐದು ಗಂಟಿಗಿ ಪಟ್ಟಿ ಮುಗೀತದ. ಅಷ್ಟರಾಗ ಅವನ ಅವ್ವ ತಾನೇ ಬಾಯಿಬಿಟ್ಟು ಹೇಳಬೇಕು. ನಾನೂ ಬರ್ತೇನಿ. ನಿಮ್ಮ ಮಾತಿನ ಮ್ಯಾಲ ನಾ ಬರಕೊಳ್ಳೂದಿಲ್ಲ.” ವಾಹೀದನೂ ತಮಾಷೆ ನೋಡಲು ಎದ್ದ.

ದವಾಖಾನೆಯ ಹೊರಗೆ ಬೇವಿನ ಕಟ್ಟೆಯ ಮೇಲೆ ಸಖುಬಾಯಿ ಚೀಟಿ ಹಿಡಿದು ಕುಳಿತಿದ್ದಳು. ಪಕ್ಕದಲ್ಲಿ ಹಣಮಂತ, ಎದೆಯ ಮೇಲೆ ಕೈ ಇಟ್ಟುಕೊಂಡು, ಒಡೆಯುವ ಗಡಿಗೆಯನ್ನು ಹೊತ್ತವನ ಹಾಗೆ. ಐದು ದಿನದಿಂದ ಅವನು ಹಾರಿರಲಿಲ್ಲ. ಮೆಟ್ಟಿಲನ್ನೂ ಒಂದೊಂದೇ ಇಳಿಯುತ್ತಿದ್ದ.

“ಅಕ್ಕಾ, ಮಗನಿಗಿ ಏನೂ ಆಗಿಲ್ಲ,” ಎಂದ ಉಸ್ಮಾನ ಮಿಯಾ, ಏದುಸಿರು ಬಿಡುತ್ತ. “ಕಬ್ಬಿಣ ಇದ್ದಂಗ ಇದ್ದಾನ.”

“ಸಮಾಧಾನ ಮಾಡಬ್ಯಾಡ್ರಿ, ಭಾಯಿ. ನಿಮ್ಮ ಕಣ್ಣು ತಪ್ಪೂದಿಲ್ಲ, ನನಗ ಗೊತ್ತಿಲ್ಲೇನು?”

“ಈ ಸಲ ತಪ್ಪ್ಯದ.”

“ಮೂರು ವರ್ಷದ ಹಿಂದ ನನ್ನ ಕರಿ ಟಗರಿಗಿ ಏನಂದ್ರಿ? ಪುಪ್ಪುಸ ಕೊಳತಾವ, ತಿಂಗಳಾ ಉಳಿಯೂದಿಲ್ಲ ಅಂದ್ರಿ. ನನಗ ನಂಬಿಕಿ ಬರಲಿಲ್ಲ. ಹಾಲು ಹಾಕಿ ಬೆಳಸಿದ್ದೆ. ಬಂದಷ್ಟಕ್ಕ ನಿಮಗೇ ಕೊಟ್ಟೆ. ತಿಂಗಳಾ ತುಂಬೂದರಾಗ ಸತ್ತಿತು ಅಂತ ನೀವೇ ಹೇಳಿ ಕಳಿಸಿದ್ರಿ. ಸತ್ತಿತೋ ಇಲ್ಲೋ?”

ಉಸ್ಮಾನ ಮಿಯಾ ಅತ್ತ ಇತ್ತ ನೋಡಿದ. ಒಂದು ಕಡೆ ವಾಹೀದ, ಸಂತೆಯೆಲ್ಲ ಅವನ ಗೆಳೆಯರು, ಖರೆ ಹೇಳಿದರೆ ನಾಳೆ ಎಲ್ಲರಿಗೂ ಗೊತ್ತು. ಇನ್ನೊಂದು ಕಡೆ ಟೀಚರು, ಕೈಯಲ್ಲಿ ಗಡಿಯಾರ. ನಾಲ್ಕು ಗಂಟೆ ಹತ್ತು ನಿಮಿಷ.

“ಸತ್ತಿತು,” ಎಂದ. “ಆದ್ರ ಅದರ ಮಾತು ಬ್ಯಾರೆ...”

“ಹಂಗಾರ ಇವನೂ...” ಎಂದಳು ಸಖುಬಾಯಿ. ಮಗನ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು.

ಆಗ ಉಸ್ಮಾನ ಮಿಯಾನ ಫೋನು ಬಡಿದುಕೊಂಡಿತು. ಅವಸರದಲ್ಲಿ ಬಂದ್ ಮಾಡಲು ಹೋಗಿ ತೆರೆದುಬಿಟ್ಟ. ಪರದೆಯ ತುಂಬ ಬಿಸ್ಮಿಲ್ಲಾಬೀ, ವಿಡಿಯೋ ಕರೆಯಲ್ಲಿ, ಸಿಟ್ಟಿನ ಮುಖ.

“ಅಜೀ, ಸುನೋ! ನಿಮ್ಮ ಬಾದಶಾ ಹಗ್ಗ ಹರದು ನನ್ನ ಕೊತ್ತಂಬರಿ ಎಲ್ಲಾ ತಿಂದು ನಿಂತಾನ. ನೋಡ್ರಿ ಇವನ್ನ, ನೋಡ್ರಿ!” ಎಂದು ಅವಳು ಫೋನು ತಿರುಗಿಸಿದಳು. ಕಿವಿ ಹರಿದ ಕರಿ ಟಗರು, ಬಾಯಲ್ಲಿ ಹಸಿರು.

ಸಖುಬಾಯಿ ಚೀಟಿ ಕೆಳಗಿಟ್ಟಳು. ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಆ ಕಿವಿಯನ್ನು ಬೇಲಿಯ ತಂತಿಯಿಂದ ಬಿಡಿಸಿದವಳು ಅವಳೇ.

“ಮೋತ್ಯಾ,” ಎಂದಳು ಮೆಲ್ಲಗೆ.

ಟಗರು ಮೆಲುಕು ನಿಲ್ಲಿಸಿತು. ತಲೆ ಎತ್ತಿ ಅತ್ತ ಇತ್ತ ನೋಡಿ ಒದರಿತು.

“ಯಾರ್ರೀ ಅದು? ಮೋತ್ಯಾ ಯಾರು?” ಎನ್ನುತ್ತಿದ್ದ ಬಿಸ್ಮಿಲ್ಲಾಬೀಯ ದನಿ ಕೆಲ ಹೊತ್ತು ಬರುತ್ತಲೇ ಇತ್ತು. ಸಖುಬಾಯಿ ಫೋನನ್ನು ಉಸ್ಮಾನ ಮಿಯಾನ ಕೈಗೆ ಕೊಟ್ಟು ಅವನ ಮುಖವನ್ನೇ ನೋಡುತ್ತ ಕುಳಿತಳು.

ಉಸ್ಮಾನ ಮಿಯಾ ಅವಳ ಎದುರು ನೆಲದ ಮೇಲೆ ಕುಕ್ಕರಿಸಿದ.

“ರೋಗ ಇರಲಿಲ್ಲ ಅಕ್ಕಾ. ಅಂಥ ಟಗರ ನನ್ನ ಜಿಂದಗಿಯಾಗ ನೋಡಿದ್ದಿಲ್ಲ. ಅದಕ್ಕೇ ರೋಗ ಅಂದೆ. ನಿಜಾಮರದೂ ಅಲ್ಲ, ಯಾರದೂ ಅಲ್ಲ, ನಿಮ್ಮದು. ನಿಮ್ಮ ಮಗಂದೂ ಹಂಗೇ. ಇವನಂಗ ಹಾರೂ ಮನಷ್ಯಾನ್ನ ನೋಡಿದ್ದಿಲ್ಲ, ಅದಕ್ಕ ತೂತು ಅಂದೆ. ಕಣ್ಣ ಕೆಳಗ ನೀಲಿ ಇಲ್ಲ, ಏನಿಲ್ಲ. ಒದಿಯಾವ, ಹಾರಾವ ಇಬ್ಬರೂ ಬೇಕಂತ ಆಸಿ ಮಾಡ್ದೆ. ನನಗ ಬೇಕಾದದ್ದನ್ನ ಚಲೋ ಅದ ಅಂತ ಹೇಳಲಾಕ ಬರೂದಿಲ್ಲ, ಅಕ್ಕಾ. ಕಲ್ತೇ ಇಲ್ಲ.”

“ಹಾಂಗಾರ ನನಗ ಕೊಡಿಸಿದ ಆ ಎರಡು ಆಡು?” ಎಂದು ವಾಹೀದ ಬಾಯಿ ಹಾಕಿದ.

“ನಿನ್ನ ಆಡು ಖರೇನೇ ಕುಂಟು ಇದ್ದವೋ. ಅವನ್ನ ನಾ ಹೊಗಳಿದ್ದೆ, ನೆನಪಿಲ್ಲೇನು?”

ಅಷ್ಟರಲ್ಲಿ ಒಳಗಿನಿಂದ ಹಣಮಂತನ ಹೆಸರು ಕರೆದರು. ತಾಯಿ ಮಗ ಒಳಗೆ ಹೋದರು. ಉಸ್ಮಾನ ಮಿಯಾ ಕಟ್ಟೆಯ ಕೆಳಗೆ ಕುಳಿತೇ ಇದ್ದ. ತನ್ನ ಸುಳ್ಳೇ ಖರೆಯಾಗಿಬಿಟ್ಟರೆ ಎಂಬ ಹೆದರಿಕೆ ಮೊದಲ ಸಲ ಬಂತು. ಕಪ್ಪು ಮರೆತುಹೋಯಿತು, ಕಿಟಕಿಯ ಒಂಬತ್ತು ಮುಖ ಮರೆತುಹೋದವು. ಯಾ ಅಲ್ಲಾ, ಹುಡುಗ ಗಟ್ಟಿ ಇರಲಿ, ಎಂದಷ್ಟೇ ಅನ್ನುತ್ತಿದ್ದ.

ಐದಕ್ಕೆ ಹತ್ತು ನಿಮಿಷ ಇರುವಾಗ ಅವರು ಹೊರಬಂದರು. ಹಣಮಂತ ಎದೆಯ ಮೇಲಿನ ಕೈ ತೆಗೆದಿದ್ದ. ಮೆಟ್ಟಿಲು ನಾಲ್ಕನ್ನೂ ಒಂದೇ ನೆಗೆತಕ್ಕೆ ದಾಟಿ, ಬೇವಿನ ಕೊಂಬೆಯಿಂದ ಒಂದು ಎಲೆ ಕಿತ್ತುಕೊಂಡು ಇಳಿದ. ವಾಹೀದನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ಸಖುಬಾಯಿ ಟೀಚರಿನ ಕಡೆ ತಿರುಗಿದಳು. “ಬರಕೋರಿ ಅವನ ಹೆಸರ. ಅವನಿಗಿ ಆಡಬೇಕಂತ ಅದ. ಔರಾದಿಗೇ ಬರೀರಿ. ಈ ಮನಷ್ಯಾನ ಬಾಯಿ ಸುಳ್ಳು, ಕಣ್ಣು ಸುಳ್ಳಲ್ಲ. ಕಣ್ಣಿಗಿ ಮಗನ್ನ ಕೊಡ್ತೇನಿ. ಬಾಯಿಗಿ ನನ್ನ ಮೋತ್ಯಾನ ಬಿಡೂದಿಲ್ಲ. ನಾಳಿ ಮುಂಜಾನಿ ಅವ ನನ್ನ ದೊಡ್ಡಿಯಾಗ ಇರಬೇಕು.”

“ಇವತ್ತ ಸಂಜೀಗೇ ತರ್ತೇನಿ ಅಕ್ಕಾ, ಗಾಡಿಯಾಗ ಕೂಡಿಸಿ.”

ಟೀಚರು ಬರೆದುಕೊಂಡರು. ವಾಹೀದ ಮೀಸೆ ತಿರುವಿ ಕೆಣಕಿದ, “ಆತು ಮಿಯಾ. ಹಿಡಿಯಾವ ಸಿಕ್ಕ, ಒದಿಯಾವ ಸಿಕ್ಕ. ಇನ್ನ ಕಪ್ಪು ನಿಮ್ಮದೇ ಅನ್ರಿ. ಆಸ್ಟ್ರೇಲಿಯಾದವರು ಕುರಿ ಕಾಯ್ಲಾಕ ಹ್ವಾದ್ರು ಅನ್ರಿ!”

ಉಸ್ಮಾನ ಮಿಯಾನ ಬಾಯಿ ರೂಢಿಯಂತೆ ತೆರೆಯಿತು. ಸಖುಬಾಯಿ ನೋಡುತ್ತಿದ್ದಳು, ಹಣಮಂತ ನೋಡುತ್ತಿದ್ದ. ಬಾಯಿ ಮುಚ್ಚಿತು. ಮತ್ತೆ ತೆರೆದಾಗ ಹೊರಬಿದ್ದ ಮಾತು ಅವನಿಗೇ ಹೊಸದಾಗಿತ್ತು.

“ಗೊತ್ತಿಲ್ಲೋ ವಾಹೀದ. ನಾ ಆ ಚೆಂಡು ಒಂದೇ ಸಲ ಒದ್ದೇನಿ. ಬೀದರ ಕೋಟಿ ಎಲ್ಲಿ ಬಂತು, ನಮ್ಮ ಹಿತ್ತಲ ಗ್ವಾಡಿನೂ ದಾಟಲಿಲ್ಲ. ಹೆಬ್ಬೆರಳು ಮುರೀತು.”