ಸಂದಿನ ಬಿಸಿಲು

“ಯಾವ ಬೋಳಿಮಗ ಇದಕ್ಕೆ ಹಗ್ಗ ಕಟ್ಟಿದ್ದು?”

ತಾರಸಿಯ ಬಾಗಿಲು ದಾಟುವ ಮೊದಲೇ ನೆಟ್ ಕಂಪನಿಯ ಸೂಪರ್‌ವೈಸರ್ ಬಾಯಿ ಶುರುಮಾಡಿದ್ದ. ಅತ್ತೆಯ ಕೈಯಲ್ಲಿ ಆಸ್ಪತ್ರೆಯ ಹಸಿ ಬೆಡ್‌ಶೀಟು, ಅರ್ಧ ಹಗ್ಗದ ಮೇಲೆ, ಅರ್ಧ ಅವಳ ಹೆಗಲ ಮೇಲೆ. ತಾರಸಿಯಲ್ಲಿ ಇದ್ದದ್ದು ಅವಳು ಮತ್ತು ಅವಳ ಸೊಸೆಯಾದ ನಾನು, ಇಬ್ಬರೇ. ಹಾಗಾಗಿ ಬೈಗುಳವನ್ನು ನಾವೇ ಹಂಚಿಕೊಳ್ಳಬೇಕಿತ್ತು.

“ನಾನೇ ಕಟ್ಟಿದ್ದು ಸ್ವಾಮಿ,” ಅಂದಳು ಅತ್ತೆ. “ಗಟ್ಟಿ ಕಂಬ ಅಲ್ವಾ, ಸುಮ್ನೆ ನಿಂತಿತ್ತು.”

“ಸುಮ್ನೆ ನಿಂತಿತ್ತಾ? ನಿಮ್ಮಪ್ಪ ತಂದು ನೆಟ್ಟಿದ್ನಾ, ಬಟ್ಟೆ ಒಣಗಾಕೋಕೆ?”

ಕಂಬ ಬಂದು ವಾರವೂ ಆಗಿರಲಿಲ್ಲ. ನೀರಿನ ಟ್ಯಾಂಕಿನ ಗೋಡೆಗೆ ಬೋಲ್ಟು ಹಾಕಿ ನಿಲ್ಲಿಸಿದ ಗಿಡ್ಡ ಕಬ್ಬಿಣದ ಪೈಪು, ಅದರ ತುದಿಯಲ್ಲಿ ಊಟದ ತಟ್ಟೆಯಷ್ಟಗಲದ ಬಿಳಿ ಡಬ್ಬಿ. ಅದನ್ನು ರೇಡಿಯೋ ಅನ್ನುತ್ತಾರೆಂದು ಕೇಳಿ ಅತ್ತೆ ಹಾಡು ಬರುತ್ತದೆಂದು ಕಾದಿದ್ದೂ ಉಂಟು. ಬಟ್ಟೆ ಒಗೆದು ಬದುಕುವವರಿಗೆ ಒಂದು ಕಂಬ ಕಂಡರೆ ಕೈ ಸುಮ್ಮನಿರುವುದಿಲ್ಲ. ನಮ್ಮದು ಎರಡೆಳೆಯ ಹುರಿ ಹಗ್ಗ. ಕ್ಲಿಪ್ಪು ಗಿಪ್ಪು ನಮಗೆ ಬೇಕಿಲ್ಲ, ಹುರಿ ಬಿಡಿಸಿ ಬಟ್ಟೆಯ ಮೂಲೆ ಸಿಕ್ಕಿಸಿದರೆ ಎಂಥ ಗಾಳಿಗೂ ಹಾರುವುದಿಲ್ಲ. ಹಗ್ಗ ಮಾತ್ರ ಬಿಗಿಯಾಗಿರಬೇಕು. ಹಳೆಯ ಗೂಟ ಸಡಿಲಾಗಿತ್ತು, ಅತ್ತೆ ಹೊಸ ಕಂಬಕ್ಕೆ ಬಿಗಿದಳು. ಹಸಿ ಶೀಟುಗಳ ಭಾರಕ್ಕೆ ಕಂಬ ಬೆರಳಿನಷ್ಟು ತಿರುಗಿತ್ತು. ನಮಗೆ ಕಂಡಿರಲಿಲ್ಲ.

“ಇದು ಟಾರ್ಚ್ ಬಿಟ್ಟಂಗೆ ಕಣಮ್ಮಾ,” ಎಂದು ಸೂಪರ್‌ವೈಸರ್ ದೂರಕ್ಕೆ ಕೈ ತೋರಿಸಿದ. “ಅಗೋ, ಆ ಗಾಜಿನ ಕಟ್ಟಡದ ಮೇಲೆ ಇದರ ಜೋಡಿ ಇದೆ. ಇದರ ಮೂತಿ ಅದರ ಮೂತಿಗೆ ನೆಟ್ಟಗಿರ್ಬೇಕು. ಇಲ್ಲಿ ಒಂದು ಬೆರಳು ಆಚೀಚೆ ಆದ್ರೆ ಅಲ್ಲಿ ಬೇರೆ ಕಟ್ಟಡಕ್ಕೇ ಹೊಡೆಯುತ್ತೆ. ನಿನ್ನೆ ತಾನೇ ಲೈನ್ ಕೊಟ್ವಿ, ಬೆಳಿಗ್ಗೆಯಿಂದ ಅಷ್ಟು ದೊಡ್ಡ ಆಫೀಸು ನೆಟ್ ಇಲ್ದೆ ಕೈಕಟ್ಟಿ ಕೂತಿದೆ, ನಿನ್ನ ಹಗ್ಗದ ದೆಸೆಯಿಂದ!”

ಅವನ ಬೆನ್ನ ಹಿಂದೆ ಕಂಬ ಹತ್ತುವ ಕೆಲಸದವನೊಬ್ಬ ನಿಂತಿದ್ದ. ಸೊಂಟಕ್ಕೆ ಬೆಲ್ಟು, ಬೆಲ್ಟಿನಲ್ಲಿ ಸ್ಪ್ಯಾನರು. ಅವನು ನನ್ನ ಮೈದುನ, ಅತ್ತೆಯ ಕಿರಿಯ ಮಗ. ನಮ್ಮನ್ನು ನೋಡಿಯೂ ನೋಡದವನಂತೆ ತಲೆ ತಗ್ಗಿಸಿ ನೇರವಾಗಿ ಕಂಬದ ಬಳಿ ಹೋಗಿ ಬೋಲ್ಟಿಗೆ ಸ್ಪ್ಯಾನರು ಹಾಕಿದ.

ಅವನು ಕೆಲಸಕ್ಕೆ ಸೇರುವಾಗ ತಾನು ಯಾರ ಮನೆಯವನೆಂದು ಹೇಳಿರಲಿಲ್ಲ. ದೊಡ್ಡವರ ತಾರಸಿಗೆ ಅವರ ಮನೆಯೊಳಗಿಂದಲೇ ದಾರಿ. ಬಟ್ಟೆ ಒಗೆಯುವವರ ಹುಡುಗ ಎಂದರೆ ಬಾಗಿಲು ತೆರೆಯುವುದಿಲ್ಲ, ಬಾಗಿಲು ತೆರೆಯದಿದ್ದರೆ ಕೆಲಸವಿಲ್ಲ. ಇದೆಲ್ಲ ನಮಗೆ ಗೊತ್ತಿದ್ದದ್ದೇ. ಆದರೆ ಗೊತ್ತಿರುವುದು ಬೇರೆ, ಕಣ್ಣೆದುರು ನೋಡುವುದು ಬೇರೆ. ಅತ್ತೆಯ ಗಂಡ ಸತ್ತು ಎಷ್ಟೋ ಕಾಲವಾಗಿದೆ. ಬೋಳಿಮಗ ಎಂದು ಸೂಪರ್‌ವೈಸರ್ ಬೈದದ್ದು ನಿಜವಾಗಿ ತಾಗಿದ್ದರೆ ಇವನಿಗೇ ತಾಗಬೇಕಿತ್ತು. ಇವನು ಬೋಲ್ಟು ತಿರುಗಿಸುತ್ತಿದ್ದ.

ಅತ್ತೆ ಅವನನ್ನು ಒಮ್ಮೆ ನೋಡಿದಳು. ಮಗಾ ಅನ್ನಲಿಲ್ಲ. ಕಂಬದಿಂದ ಹಗ್ಗದ ಗಂಟು ಬಿಚ್ಚಿ, ಪಕ್ಕದ ಟ್ಯಾಂಕಿನ ನೀರಿನ ಪೈಪಿಗೆ ಬಿಗಿಯತೊಡಗಿದಳು.

“ಇನ್ನೂ ಎಡಕ್ಕೆ... ಸಾಕು ಸಾಕು... ಒಂಚೂರು ಹಿಂದಕ್ಕೆ,” ಎಂದು ಸೂಪರ್‌ವೈಸರ್ ಆ ಕಡೆಯವರ ಮಾತು ಫೋನಿನಲ್ಲಿ ಕೇಳುತ್ತ ಹೇಳುತ್ತಿದ್ದ. ಮೈದುನ ಡಬ್ಬಿಯನ್ನು ಕೂದಲೆಳೆಯಷ್ಟು ಸರಿಸುತ್ತಿದ್ದ. ಎಷ್ಟು ಸರಿಸಿದರೂ ಬರಲಿಲ್ಲ. ಆಗ ಸೂಪರ್‌ವೈಸರ್ ಡಬ್ಬಿಯ ಹಿಂದೆ ಹೋಗಿ ನಿಂತು, ಅದು ನೋಡುವ ಕಡೆಗೇ ನೋಡಿದ. ಡಬ್ಬಿಯ ಎದುರಿಗೆ ನಮ್ಮ ಶೀಟುಗಳು ಸಾಲಾಗಿ ತೂಗುತ್ತಿದ್ದವು.

“ಥೂ, ಇದು ಬೇರೆ! ಹಸಿ ಬಟ್ಟೆ ದಾಟಿ ಸಿಗ್ನಲ್ ಹೆಂಗೆ ಹೋಗುತ್ತೆ? ತೆಗೀರಿ ಎಲ್ಲಾನೂ.”

“ಎಲ್ಲಿಗೆ ತೆಗೀಲಿ ಸ್ವಾಮಿ? ಬಿಸಿಲು ಬೀಳೋದೇ ಇಲ್ಲಿ.”

ಅದು ಸುಳ್ಳಲ್ಲ. ನಮ್ಮ ಕಟ್ಟಡದ ಸುತ್ತ ಎತ್ತೆತ್ತರದ ಕಟ್ಟಡಗಳು ಎದ್ದು ಬೆಳಕು ನುಂಗಿವೆ. ಎರಡು ಕಟ್ಟಡಗಳ ನಡುವೆ ಒಂದೇ ಒಂದು ಸಂದು ಉಳಿದಿದೆ. ಬೆಳಗಿನ ಬಿಸಿಲು ಅದರಲ್ಲೇ ತೂರಿ ಬಂದು ತಾರಸಿಯ ನಡುಭಾಗಕ್ಕೆ ಬೀಳುತ್ತದೆ. ಮಿಕ್ಕ ಕಡೆ ವರ್ಷವಿಡೀ ಪಾಚಿ. ಬೀದಿ ಅಗೆದು ಕೇಬಲ್ ಹಾಕಲು ಜಾಗವಿಲ್ಲದೆ ಕಂಪನಿಯವರು ಗಾಳಿಯಲ್ಲಿ ದಾರಿ ಹುಡುಕಿದಾಗ ಅವರಿಗೆ ಸಿಕ್ಕಿದ್ದೂ ಅದೇ ಸಂದು. ನಮ್ಮ ಬಿಸಿಲು ಒಳಗೆ ಬರುವ ದಾರಿಯಲ್ಲೇ ಅವರ ನೆಟ್ ಆಚೆ ಹೋಗಬೇಕಿತ್ತು.

ಗದ್ದಲ ಕೇಳಿ ಮನೆ ಮಾಲೀಕ ಏದುಸಿರು ಬಿಡುತ್ತ ಮೇಲೆ ಬಂದ. ಅವನಿಗೆ ನಮ್ಮ ಯಾರ ಮುಖವೂ ಗೊತ್ತಿಲ್ಲ, ಬಾಗಿಲು ಮಾತ್ರ ಗೊತ್ತು. ಕಂಬವೂ ಈಗ ಅವನ ಬಾಡಿಗೆದಾರ. ನೀರು ಬಳಸದ, ಕಕ್ಕಸಿಗೆ ಹೋಗದ, ಕೇಳುವ ಮೊದಲೇ ಬಾಡಿಗೆ ಕೊಡುವ ಬಾಡಿಗೆದಾರ. ಅಂಥವನನ್ನು ಯಾರು ತಾನೆ ಬಿಟ್ಟುಕೊಡುತ್ತಾರೆ?

“ಕಂಬ ಒಂದಾಳು ಎತ್ತರ ಮಾಡಿದ್ರೆ ಬಟ್ಟೆ ಮೇಲೇ ಹಾದು ಹೋಗುತ್ತೆ ಸಾರ್,” ಅಂದ ಸೂಪರ್‌ವೈಸರ್. “ಆದ್ರೆ ಅಷ್ಟುದ್ದ ಕಂಬಕ್ಕೆ ಗೋಡೆ ಒಡೆದು ಹೊಸ ಆಸರೆ ಕೊಡ್ಬೇಕು.”

“ಗೋಡೆ ಯಾಕ್ರೀ ಒಡೀಬೇಕು? ಹಗ್ಗ ಕಿತ್ತಾಕಿ. ಇವತ್ತಿಂದ ಈ ತಾರಸಿ ಮೇಲೆ ಒಂದು ಹಗ್ಗ ಕಟ್ಟಂಗಿಲ್ಲ.”

“ಆಸ್ಪತ್ರೆ ಬಟ್ಟೆ ಸ್ವಾಮಿ. ಒಣಗದಿದ್ರೆ ಕೆಲಸ ಹೋಗುತ್ತೆ,” ಅಂದಳು ಅತ್ತೆ.

“ನಿಮ್ಮ ಕೊಳಕೆಲ್ಲಾ ತಂದು ನನ್ನ ತಲೆ ಮೇಲೆ ನೇತಾಕಿದ್ದೀರಿ, ಇಷ್ಟು ದಿನ ಸಹಿಸ್ಕೊಂಡಿದ್ದೇ ಹೆಚ್ಚು. ಏಯ್, ಕಂಬದವನೇ! ನೋಡ್ತಾ ನಿಂತಿದ್ದೀಯಲ್ಲ, ಕೊಯ್ಯೋ.”

ಮೈದುನ ಸೂಪರ್‌ವೈಸರ್ ಮುಖ ನೋಡಿದ. ಸೂಪರ್‌ವೈಸರ್ ಕೊಯ್ಯಿ ಎಂದು ಕಣ್ಣಲ್ಲೇ ಹೇಳಿದ. ಅವನು ಚಾಕು ತೆಗೆದ. ಆ ಹಗ್ಗವನ್ನು ಹೊಸೆದದ್ದು ಅತ್ತೆ, ಹೊಸೆಯುವಾಗ ಇನ್ನೊಂದು ತುದಿ ಹಿಡಿದು ನಿಂತಿದ್ದವನು ಅವನೇ. ಹಗ್ಗ ಕಡಿದಾಗ ಶೀಟುಗಳೆಲ್ಲ ಒಟ್ಟಿಗೆ ಪಾಚಿಯ ಮೇಲೆ ಬಿದ್ದವು. ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಅತ್ತೆ ಬಗ್ಗಿ ಶೀಟುಗಳನ್ನು ಬಾಚಿಕೊಂಡಳು.

“ಬಂತು! ಲೈನ್ ಬಂತು!” ಎಂದು ಫೋನಿನಲ್ಲಿ ಯಾರೋ ಸಂತೋಷದಿಂದ ಕೂಗಿದರು.

ಸಂಜೆ ಮೈದುನ ಮನೆಗೆ ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಒಲೆಯ ಮೇಲೆ, ಕಿಟಕಿಗೆ, ಮಂಚದ ಕಾಲಿಗೆ, ಎಲ್ಲ ಕಡೆ ಮತ್ತೆ ಒಗೆದ ಶೀಟುಗಳು. ಗೋಡೆ ಬೆವರುತ್ತಿತ್ತು. ಅವನು ಶೀಟಿನಡಿ ತಲೆ ತಗ್ಗಿಸಿ ತೂರಿ ಬಂದು ಮೂಲೆಯಲ್ಲಿ ಕೂತ.

“ಏನೋ, ಅಮ್ಮನ್ನ ಬೈದಾಗ ಕಿವಿಗೆ ಹತ್ತಿ ಇಟ್ಕೊಂಡಿದ್ಯಾ?” ಎಂದು ನನ್ನ ಗಂಡ ಕೇಳಿದ.

“ಬಾಯಿ ಬಿಟ್ಟಿದ್ರೆ ಅಲ್ಲೇ ಬೆಲ್ಟು ಬಿಚ್ಚಿಸ್ಕೊಂಡು ಕಳಿಸ್ತಿದ್ರು ಅಣ್ಣ. ಇದೊಂದು ಕೆಲಸ ಇರೋದು.”

“ನಮ್ದೂ ಅಷ್ಟೇ ಕಣಯ್ಯಾ, ಅದೊಂದು ಹಗ್ಗ ಇದ್ದದ್ದು,” ಅಂದೆ ನಾನು.

“ಅತ್ತಿಗೆ, ನೀವೂ ಹಂಗಂದ್ರೆ...”

“ಇಬ್ರೂ ಬಾಯಿ ಮುಚ್ಚಿ,” ಅಂದಳು ಅತ್ತೆ. “ಅವನಿಗೆ ಊಟಕ್ಕೆ ಹಾಕು.”

ಹಾಕಿದೆ. ಅವನು ಕೈ ತೊಳೆದು ಎದ್ದು ಹೋದ. ತಟ್ಟೆ ಹಾಕಿದಂತೆಯೇ ಇತ್ತು.

ಒಳಗೆ ಒಣಗಿದ ಬಟ್ಟೆ ಒಣಗಿದ ಬಟ್ಟೆಯಲ್ಲ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಮೂಗಿಗೆ ಮಾತ್ರ ಸುಳ್ಳು ಹೇಳಲಾಗುವುದಿಲ್ಲ. ಮಾರನೆಯ ದಿನ ಆಸ್ಪತ್ರೆಯ ಬಟ್ಟೆ ಕೋಣೆಯ ಮೇಡಂ ಒಂದು ಶೀಟು ಬಿಡಿಸಿ ಮೂಗಿನ ಹತ್ತಿರ ತಂದವಳೇ ಮುಖ ಹಿಂಡಿದಳು.

“ಇದನ್ನ ರೋಗಿಗೆ ಹಾಸ್ಲಾ, ನಿನ್ನ ಹೆಣಕ್ಕೆ ಹೊದಿಸ್ಲಾ?”

ಗಂಟನ್ನು ಕಾಲಿನಿಂದ ತಳ್ಳಿದಳು. ಅದು ಅತ್ತೆಯ ಪಾದಕ್ಕೆ ಬಂದು ತಾಗಿತು.

“ನಾಳೆ ಮಧ್ಯಾಹ್ನದೊಳಗೆ ಇಷ್ಟೂ ಗರಿಗರಿಯಾಗಿ ಬರ್ಬೇಕು. ಇಲ್ಲಾಂದ್ರೆ ಈ ಕಡೆ ತಲೆ ಹಾಕ್ಬೇಡಿ, ಮಿಷನ್‌ನಲ್ಲಿ ಒಗೆಯೋರು ಕಾಯ್ತಿದ್ದಾರೆ.”

ಅತ್ತೆ ಗಂಟನ್ನು ತಲೆಗೇರಿಸಿಕೊಂಡು ಹೊರಟಳು. ಮನೆ ಮುಟ್ಟಿದ ಮೇಲೆ ಕೆಳಗಿನ ಮನೆಯ ಅಕ್ಕತಂಗಿಯರನ್ನು ಕರೆದಳು. ಅವರೂ ಒಗೆಯುವವರೇ, ಅವರ ಹಗ್ಗವೂ ಅಂದೇ ಹೋಗಿತ್ತು.

“ಅವರು ಏನಂದ್ರು? ಹಗ್ಗ ಕಟ್ಟಂಗಿಲ್ಲ ಅಂದ್ರು,” ಅಂದಳು ಅತ್ತೆ. “ಕಟ್ಟೋದು ಬೇಡ. ಹಿಡ್ಕೊಂಡು ನಿಲ್ಲೋಣ.”

ತಂಗಿಗೆ ನಗು ಬಂತು. “ಒಣಗೋವರೆಗೂನಾ? ತೋಳು ಕಿತ್ತು ಬರಲ್ವಾ?”

“ಬರಲಿ ಬಿಡು. ಗಂಜಿ ಹಾಕಿ ಇಸ್ತ್ರಿ ಮಾಡಿಕೊಡ್ತೀನಿ,” ಅಂದಳು ಅತ್ತೆ.

ಮರುದಿನ ಸಂದಿನಲ್ಲಿ ಬಿಸಿಲು ಇಣುಕಿದಾಗ ನಾವು ನಾಲ್ವರೂ ತಾರಸಿಯ ನಡುವೆ ಜೋಡಿಜೋಡಿಯಾಗಿ ನಿಂತಿದ್ದೆವು. ಶೀಟಿನ ಒಂದೊಂದು ತುದಿಗೆ ಒಬ್ಬೊಬ್ಬರು, ಕೈ ತಲೆಯ ಮೇಲೆ. ನನ್ನ ಗಂಡ ಕೆಳಗಿನ ತೊಟ್ಟಿಯಿಂದ ಹಿಂಡಿದ ಬಟ್ಟೆ ತಂದು ಸುರಿದು ಹೋಗುತ್ತಿದ್ದ. ಶೀಟಿನ ನೀರು ತೋಳಿನಗುಂಟ ಇಳಿದು ಕಂಕುಳು ಸೇರುತ್ತಿತ್ತು. ಸ್ವಲ್ಪ ಹೊತ್ತಿಗೇ ಭುಜ ಉರಿಯತೊಡಗಿತು. ನಮ್ಮ ಹಿಂದೆ ಬಿಳಿ ಡಬ್ಬಿ ನಮ್ಮ ಶೀಟುಗಳನ್ನೇ ದಿಟ್ಟಿಸುತ್ತಿತ್ತು. ನಿಜ ಹೇಳಬೇಕೆಂದರೆ, ಆ ಶೀಟುಗಳು ಎರಡು ಬೀದಿಯಾಚೆಯ ಗಾಜಿನ ಕಟ್ಟಡದಲ್ಲಿ ಎಷ್ಟು ಜನರ ಕೈ ಕಟ್ಟಿಹಾಕಿರಬಹುದೆಂದು ನೆನೆದು ನನಗೆ ಖುಷಿಯೇ ಆಯಿತು.

ಮೊದಲು ಮಾಲೀಕ ಬಂದ.

“ಏನ್ರೇ ಇದು ನಾಟಕ? ಹಗ್ಗ ಕಟ್ಬೇಡಿ ಅಂದಿರ್ಲಿಲ್ವಾ?”

“ಎಲ್ಲಿದೆ ಸ್ವಾಮಿ ಹಗ್ಗ? ತೋರ್ಸಿ,” ಅಂದಳು ಅತ್ತೆ, ಕೈ ಇಳಿಸದೆ.

ಅವನು ಬಾಯಿಗೆ ಬಂದಂತೆ ಬೈದ, ಮನೆ ಖಾಲಿ ಮಾಡಿಸುತ್ತೇನೆ ಅಂದ. ಅಷ್ಟರಲ್ಲಿ ಮೆಟ್ಟಿಲು ದಡಬಡಿಸಿಕೊಂಡು ಸೂಪರ್‌ವೈಸರ್ ಬಂದ, ಹಿಂದೆ ಮೈದುನ. ಸೂಪರ್‌ವೈಸರ್ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

“ಹಲ್ಕಾ ಮುಂಡೇರಾ, ಅಲ್ಲಿ ನನ್ನ ತಲೆ ಹೋಗ್ತಿದೆ! ಸರೀರಿ ಅಂದ್ರೆ ಸರೀರಿ!”

ಯಾರೂ ಸರಿಯಲಿಲ್ಲ. ಅವನು ಮೈದುನನ ತೋಳು ಹಿಡಿದು ಮುಂದಕ್ಕೆ ದಬ್ಬಿದ.

“ಹೋಗೋ! ಮೊದ್ಲು ಆ ಮುದುಕಿನ ಎಳೆದಾಕೋ ಆಚೆ!”

ಮೈದುನ ಎರಡು ಹೆಜ್ಜೆ ಬಂದು ನಿಂತ. ಅತ್ತೆ ಅವನ ಕಡೆ ನೋಡಲಿಲ್ಲ. ಜಾರುತ್ತಿದ್ದ ಶೀಟನ್ನು ಮತ್ತೆ ತಲೆಯ ಮೇಲಕ್ಕೆ ಎತ್ತಿ ಹಿಡಿದಳು.

“ಏನೋ ನೋಡ್ತೀಯ? ಯಾರೋ ಅವಳು ನಿನಗೆ?”

“ನಮ್ಮವ್ವ ಸಾರ್,” ಅಂದ ಮೈದುನ.

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಸೂಪರ್‌ವೈಸರ್ ಅದನ್ನು ಎತ್ತಲಿಲ್ಲ. ಮಾಲೀಕ ಮೈದುನನ ಮುಖವನ್ನು ಮೊದಲ ಬಾರಿಗೆ ನೋಡುವವನಂತೆ ನೋಡಿದ.

“ಬಟ್ಟೆ ಒಗೆಯೋರವನಾ ನೀನು? ಕಂಬಕ್ಕೆ ಕರೆಂಟ್ ವೈರ್ ಎಳೀತೀನಿ ಅಂತ ನಮ್ಮ ಮನೆ ಒಳಗೆಲ್ಲಾ ಓಡಾಡಿದ್ಯಲ್ಲೋ!”

“ಬಿಚ್ಚೋ ಬೆಲ್ಟು,” ಅಂದ ಸೂಪರ್‌ವೈಸರ್.

ಮೈದುನ ಬೆಲ್ಟು ಬಿಚ್ಚಿದ. ಸ್ಪ್ಯಾನರು, ಚಾಕು ಎಲ್ಲ ಅದರಲ್ಲೇ ಇದ್ದವು. ಅದನ್ನು ಸೂಪರ್‌ವೈಸರ್ ಕಾಲ ಬಳಿ ಇಟ್ಟು, ಏನು ಮಾಡಬೇಕೆಂದು ತಿಳಿಯದೆ ಬರಿಗೈಯಲ್ಲಿ ನಿಂತ. ಕಣ್ಣು ತುಂಬಿತ್ತು.

“ನಿಂತ್ಕೊಂಡು ಏನು ನೋಡ್ತೀಯೋ?” ಎಂದು ಅತ್ತೆ ಗದರಿದಳು. “ಆ ಕೆಳಗಿನ ಅಂಚು ಹಿಡಿ. ಪಾಚಿಗೆ ತಾಗ್ತಿದೆ.”

ಅವನು ಹಿಡಿದ. ಸೂಪರ್‌ವೈಸರ್ ಪೊಲೀಸರಿಗೆ ಫೋನು ಹಚ್ಚಿದ. ಬಟ್ಟೆ ಇನ್ನೂ ಹಸಿಯಾಗಿತ್ತು.