ಲೈಲ್ ಟಿಲ್ಸನ್ ಹಾಕಿದ ಮತ

ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳ ನಡುವಿನ ಊರಿನಲ್ಲಿ ಲೈಲ್ ಟಿಲ್ಸನ್ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಉಳಿದ ಹೊತ್ತಿನಲ್ಲಿ ಸರ್ಕಾರವನ್ನು ಬೈಯುತ್ತಿದ್ದ. ಸರ್ಕಾರ ಸಾಲಕ್ಕೆ ಜನರ ಒಪ್ಪಿಗೆ ಕೇಳಿದಾಗಲೆಲ್ಲ ಅವನ ಮತ 'ಬೇಡ'. ಈ ಸಲ ಮಾತ್ರ ಬಾಯಿ ಕಟ್ಟಿತ್ತು. ರಾಜ್ಯ ಸಾಲ ಕೇಳಿದ್ದು ಸರ್ಕಾರಿ ಶಾಲೆಗಳ ಕಟ್ಟಡಕ್ಕೆ. ಅಂಥದ್ದೇ ಶಾಲೆಯಲ್ಲಿ ಪಾಠ ಹೇಳುವ ಅವನ ಹೆಂಡತಿ ನಾರ್ಮಾಳ ತರಗತಿಯಲ್ಲಿ ಮಳೆ ಬಂದರೆ ಸೂರು ಸೋರಿ ಮಕ್ಕಳು ಬಕೆಟ್ಟುಗಳ ನಡುವೆ ಕೂರುತ್ತಿದ್ದರು. ಈ ಸಲ 'ಬೇಕು' ಎಂದೇ ಮತ ಹಾಕುತ್ತೇನೆಂದು ಲೈಲ್ ಅವಳಿಗೆ ಮಾತು ಕೊಟ್ಟ. ಅಂಗಳದಲ್ಲಿ 'ಬೇಕು' ಎಂಬ ಫಲಕ ನೆಟ್ಟ. ಅದನ್ನು ಕಂಡು ನಕ್ಕ ಪಕ್ಕದ ಮನೆಯ ಡೆಲ್ಬರ್ಟ್‌ನ ಮೇಲೆ ಹರಿಹಾಯ್ದ.

ಅಂಚೆಯಲ್ಲಿ ಮತಪತ್ರ ಬಂತು. ಟಿವಿಯಲ್ಲಿ ಬೇಸ್‌ಬಾಲ್ ನೋಡುತ್ತ, ಅಂಪೈರನನ್ನು ಬೈಯುತ್ತ ತುಂಬಿದ, ಲಕೋಟೆಗೆ ಸಹಿ ಹಾಕಿದ, ಗ್ರಂಥಾಲಯದ ಮುಂದಿನ ಮತಪೆಟ್ಟಿಗೆಗೆ ಹಾಕಿದ. ಲಕೋಟೆ ಒಳಗೆ ಬಿದ್ದ ಸದ್ದಿಗೇ ನೆನಪಾಯಿತು. ಕೈ ಹಳೇ ಚಾಳಿಯಲ್ಲಿ ಮತಪತ್ರದ ಪ್ರಶ್ನೆಗಳಿಗೆಲ್ಲ ಮೇಲಿಂದ ಕೆಳಗಿನವರೆಗೂ 'ಬೇಡ'ವನ್ನೇ ತುಂಬಿತ್ತು. ಶಾಲೆಯ ಸಾಲಕ್ಕೂ!

ಪೆಟ್ಟಿಗೆಯ ಸೀಳಿಗೆ ಬೆರಳು ತುರುಕಿದ. ಬೆರಳು ಸಿಕ್ಕಿಕೊಂಡಿತು.

"ಏನ್ ಲೈಲ್, ಹಾಕಿದ ಮತಾನೇ ಕದೀತಿದೀಯಾ?" ಗ್ರಂಥಾಲಯದಾಕೆ ಬಾಗಿಲಲ್ಲಿ ನಿಂತು ಕೇಳಿದಳು. "ಅದನ್ನ ವಾಪಸ್ ಕೊಡೋ ಹಾಗಿಲ್ಲಪ್ಪ."

ಉಳಿದದ್ದು ಒಂದೇ ದಾರಿ. ಡೆಲ್ಬರ್ಟ್ ಇನ್ನೂ ಮತ ಹಾಕಿರಲಿಲ್ಲ. ಬೆರಳು ಬಿಡಿಸಿಕೊಂಡು ಅವನ ಮನೆಗೆ ಓಡಿದ.

"ನೀನು 'ಬೇಕು' ಅಂತ ಹಾಕಬೇಕು ಕಣೋ," ಎಂದ ಲೈಲ್.

"ಯಾಕೆ, ನಿನ್ನದೊಂದು ಸಾಲದಾ?"

"ನನ್ನದು... ಬೇಡ ಅಂತ ಬಿತ್ತು."

ಡೆಲ್ಬರ್ಟ್ ಕುರ್ಚಿ ಹಿಡಿದುಕೊಂಡು ನಕ್ಕ. "ಫಲಕ ನೆಟ್ಟವನೂ ನೀನೇ, ಸೋಲಿಸೋವನೂ ನೀನೇ! ಹಾಕ್ತೀನಿ ಮಾರಾಯ. ಆದ್ರೆ ಬೆಳಿಗ್ಗೆ ಡೋನಟ್ ಅಂಗಡೀಲಿ ಎಲ್ಲರ ಮುಂದೆ ಇದನ್ನ ನೀನೇ ಹೇಳ್ಬೇಕು."

"ಸಾಯಿ ನೀನು!" ಎಂದು ಬಾಗಿಲು ಬಡಿದುಕೊಂಡು ಹೋದ ಲೈಲ್, ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಅಂಗಡಿಯಲ್ಲಿದ್ದ. ಕಾಫಿ ಲೋಟ ಹಿಡಿದು ಎದ್ದು ನಿಂತು ಹೇಳಿದ. ನಗು ನಿಲ್ಲುವ ಹೊತ್ತಿಗೆ ಕಾಫಿ ತಣ್ಣಗಾಗಿತ್ತು. ಡೆಲ್ಬರ್ಟ್ ಅಲ್ಲೇ ಮೇಜಿನ ಮೇಲೆ 'ಬೇಕು' ತುಂಬಿ ಲಕೋಟೆ ಅಂಟಿಸಿದ.

ಸುದ್ದಿ ಲೈಲ್‌ಗಿಂತ ಮೊದಲೇ ಮನೆ ಮುಟ್ಟಿತ್ತು. ನಾರ್ಮಾ ಬೈಯಲಿಲ್ಲ. ಡಾಂಬರಿನ ಡಬ್ಬ ಅವನ ಕೈಗಿಟ್ಟಳು. "ಹೊಸ ಕಟ್ಟಡ ಬರೋ ತನಕ ನನ್ನ ತರಗತಿ ಸೂರು ನಿನ್ನದು. ನಡಿ, ಏಣಿ ತಗೋ."

ಏಣಿ ಹೊತ್ತು ಹೊರಬಂದರೆ, ಅಂಗಳದ ಫಲಕವನ್ನು ಡೆಲ್ಬರ್ಟ್ ಕೀಳುತ್ತಿದ್ದ.

"ಎಲ್ಲಿಗೋ ಅದು?"

"ನನ್ನ ಅಂಗಳಕ್ಕೆ. ಇದರ ಮಾತು ಉಳಿಸಿದವನು ನಾನು ತಾನೆ?"

ಲೈಲ್ ಬೈಯಲು ಬಾಯಿ ತೆರೆದ. ಬೈಗುಳ ತನಗೇ ಸಲ್ಲಬೇಕೆಂದು ಹೊಳೆದು, ಏಣಿ ಹೊತ್ತುಕೊಂಡೇ ಶಾಲೆಯ ಕಡೆ ನಡೆದ.