ಕೇಸರಿಯ ಎಡಗಾಲು

"ಶರೀಫಾಕ, ನಿಮ್ಮ ಮಗಳು ಕುದುರೆಗೆ ಲಾಳ ಕಟ್ತಾಳಂತೆ, ಹೌದಾ?"

ಫೋನಿನ ಸ್ಪೀಕರ್ ಹಾಕಿಯೇ ಮಾತಾಡುವುದು ಶರೀಫರ ಅಭ್ಯಾಸ. ಬಂಟ್ವಾಳ ಕೈಕಂಬದ ಅವರ ವೆಲ್ಡಿಂಗ್ ಅಂಗಡಿಯಲ್ಲಿ ಗ್ರಿಲ್ಲಿಗೆ ಬಣ್ಣ ಬಳಿಯುತ್ತಿದ್ದ ಮಗಳು ಶಬ್ನಾ, ಆ ಮಾತು ಕಿವಿಗೆ ಬಿದ್ದದ್ದೇ ಬ್ರಶ್ಶನ್ನು ಬಣ್ಣದ ಡಬ್ಬಿಯೊಳಗೆ ಬಿಟ್ಟು ಎದ್ದು ನಿಂತಳು. ಬೆಂಗಳೂರಿನ ಒಂದು ಲಾಯದಲ್ಲಿ ಎರಡು ವರ್ಷ ಲಾಳ ಕಟ್ಟುವ ಕೆಲಸ ಕಲಿತು ಅವಳು ಊರಿಗೆ ಬಂದು ಮೂರು ತಿಂಗಳಾಗಿತ್ತು. ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ಕುದುರೆ ಎಲ್ಲುಂಟು?"

ಈಗ ಕುದುರೆಯೇ ಫೋನು ಮಾಡಿದಷ್ಟು ಸಂತೋಷವಾಯಿತು ಅವಳಿಗೆ.

ಮಾತಾಡಿದವರು ಶಿರ್ತಾಡಿಯ ರಮಾನಾಥ. ದುಬೈಯಲ್ಲಿ ಇಪ್ಪತ್ತೆರಡು ವರ್ಷ ಒಂದು ಕುದುರೆ ಲಾಯದ ಮೇವಿನ ಉಸ್ತುವಾರಿ ನೋಡಿಕೊಂಡಿದ್ದವರು. ಊರಿಗೆ ಮರಳಿದ ಮೇಲೆ ಕುದುರೆಯಿಲ್ಲದೆ ಇರಲಾಗದೆ, ರೇಸಿನಿಂದ ನಿವೃತ್ತಿಯಾದ ಕೇಸರಿ ಎಂಬ ಹೆಣ್ಣು ಕುದುರೆಯನ್ನು ತಂದು ಸಾಕಿದ್ದರು. ಅದರ ಎಡ ಮುಂಗಾಲಿನ ಹಿಂಭಾಗದ ಹುರಿಯಂಥ ನರ ಹಿಂದೊಮ್ಮೆ ಓಟದಲ್ಲಿ ಹರಿದಿತ್ತು. ಗಾಯ ಮಾಗಿದ್ದರೂ ಆ ಜಾಗ ದಪ್ಪಗೆ, ಬಿಲ್ಲಿನಂತೆ ಉಬ್ಬಿಕೊಂಡಿತ್ತು. ಹತ್ತು ದಿನಗಳಿಂದ ಕೇಸರಿ ಲಾಯದಿಂದ ಹೊರಗೆ ಬಂದಿರಲಿಲ್ಲ.

"ಮೂಡುಬಿದಿರೆಯ ಡಾಕ್ಟ್ರು ನೋಡಿದ್ರು. ಗಾಯ ಹೊಸತಲ್ಲ, ಗೊರಸು ನೋಡುವವರನ್ನು ಕರೆಸಿ ಅಂದ್ರು. ಈ ಕಡೆಯಲ್ಲಿ ಯಾರಿದ್ದಾರೆ ಮಾರಾಯ್ರೇ?"

"ನಾವಿದ್ದೇವಲ್ಲ!" ಎಂದಳು ಶಬ್ನಾ, ಅಪ್ಪನ ಹೆಗಲ ಮೇಲಿಂದ ಬಗ್ಗಿ. "ಈಗಲೇ ಹೊರಡ್ತೇವೆ."

ಬಣ್ಣ ಬಳಿದ ಗ್ರಿಲ್ಲು ಅರ್ಧಕ್ಕೇ ಉಳಿಯಿತು. ಪಿಕಪ್ಪಿಗೆ ವೆಲ್ಡಿಂಗ್ ಯಂತ್ರ, ಗ್ರೈಂಡರ್, ಶಬ್ನಾಳ ಚರ್ಮದ ಏಪ್ರನ್, ಲಾಳದ ಚೀಲ ಎಲ್ಲ ಏರಿದವು. ಸಿದ್ಧಕಟ್ಟೆ ದಾಟುವಷ್ಟರಲ್ಲಿ ಶಬ್ನಾ ಅಪ್ಪನಿಗೆ ಕುದುರೆಯ ಕಾಲಿನ ಇಡೀ ಪಾಠ ಒಪ್ಪಿಸಿ ಮುಗಿಸಿದ್ದಳು.

"ಸ್ವಲ್ಪ ಉಸಿರು ತಗೋ ಮೋಳೆ," ಎಂದರು ಶರೀಫ್, ಮಗಳನ್ನು ಮುದ್ದಿನಿಂದ ಕರೆದು. ಆದರೆ ಅವರ ಕಾಲೂ ಆಕ್ಸಿಲರೇಟರಿನ ಮೇಲೆ ಎಂದಿಗಿಂತ ಜೋರಾಗಿಯೇ ಇತ್ತು.

ರಮಾನಾಥ ಗೇಟಿನ ಬಳಿಯೇ ಕಾಯುತ್ತಿದ್ದರು. ಇಪ್ಪತ್ತಾರರ ಹುಡುಗಿಯನ್ನು ನೋಡಿ ಅವರ ಮುಖ ಸ್ವಲ್ಪ ಇಳಿದದ್ದು ಶಬ್ನಾಳಿಗೆ ಕಂಡಿತು. ಅವಳು ಏಪ್ರನ್ ಕಟ್ಟಿಕೊಂಡು ನೇರ ಲಾಯಕ್ಕೆ ಹೋದಳು. ಕೇಸರಿ ಎಡಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಬಲಗಾಲಿಗೆ ಹಾಕಿ ನಿಂತಿತ್ತು. ಶಬ್ನಾ ಮೊದಲು ಅದರ ಕುತ್ತಿಗೆ ಸವರಿದಳು. ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಗೊರಸನ್ನು ಪಕ್ಕದಿಂದ ನೋಡಿದಳು.

"ಬಾಪಾ, ಇಲ್ಲಿ ನೋಡಿ!" ಅವಳ ಧ್ವನಿ ಏರಿತು. "ಗೊರಸಿನ ತುದಿ ಉದ್ದ ಬೆಳೆದುಬಿಟ್ಟಿದೆ. ಹಿಮ್ಮಡಿ ನೆಲಕ್ಕೆ ಕೂತಿದೆ. ಪ್ರತಿ ಹೆಜ್ಜೆಗೂ ಆ ಹಳೆಯ ನರ ಜಗ್ಗುತ್ತದೆ. ರಮಾನಾಥಣ್ಣ, ಇದಕ್ಕೆ ಕೊನೆಯ ಸಲ ಲಾಳ ಕಟ್ಟಿದ್ದು ಯಾವಾಗ?"

"ನಾಲ್ಕು ತಿಂಗಳಾಯ್ತು. ಹೊರಗಿನಿಂದ ಒಬ್ಬ ಬಂದಿದ್ದ. ಆವತ್ತು ಇದು ಒದ್ದು ಒದ್ದು ಸಾಕಾಯ್ತು."

"ಕಾಲು ಎಷ್ಟು ಎತ್ತರಕ್ಕೆ ಎತ್ತಿದ್ದ?"

ರಮಾನಾಥ ತಮ್ಮ ಸೊಂಟದ ಮಟ್ಟ ತೋರಿಸಿದರು.

"ಅದಕ್ಕೇ ಒದ್ದದ್ದು. ಅಷ್ಟು ಮಡಚಿದರೆ ಇದಕ್ಕೆ ನೋವು. ನಾನು ನೆಲದ ಹತ್ತಿರವೇ ಹಿಡೀತೇನೆ. ಒಂದು ಮಣೆ ಉಂಟಾ?"

ರಮಾನಾಥರ ಹೆಂಡತಿ ಸರಸ ಅಡುಗೆಮನೆಯಿಂದ ತಾವು ಕುಳಿತುಕೊಳ್ಳುವ ಮಣೆಯನ್ನೇ ತಂದುಕೊಟ್ಟರು. ಶಬ್ನಾ ಅದರ ಮೇಲೆ ಕುಳಿತು, ಕಾಲನ್ನು ಗೇಣು ಎತ್ತರಕ್ಕಷ್ಟೇ ಎತ್ತಿ, ಹಳೆಯ ಲಾಳ ಕಿತ್ತಳು. ಎರಡು ನಿಮಿಷ ಗೊರಸು ಕೆತ್ತುವುದು, ಕಾಲು ಕೆಳಗಿಡುವುದು, ಕಾಯುವುದು. ಮತ್ತೆ ಎರಡು ನಿಮಿಷ. ಕೇಸರಿಯ ಕಿವಿ ಹಿಂದಕ್ಕೆ ಹೋದರೆ ಸಾಕು, ಅವಳ ಕೈ ನಿಲ್ಲುತ್ತಿತ್ತು.

"ಇನ್ನೂ ತುಂಬಾ ಉಳಿದಿದೆಯಲ್ಲ, ತೆಗೆಯುವುದಿಲ್ವಾ?" ಎಂದು ರಮಾನಾಥ ಕೇಳಿದರು.

"ಒಂದೇ ದಿನಕ್ಕೆ ಎಲ್ಲ ತೆಗೆದರೆ ಹಳೆಯ ಗಾಯ ತಡೆಯುವುದಿಲ್ಲ ಅಣ್ಣ. ಇವತ್ತು ಇಷ್ಟು. ಬಾಕಿ ಮುಂದಿನ ಸಲಕ್ಕೆ."

ಇನ್ನು ಲಾಳ. ಮಾಮೂಲಿ ಲಾಳದ ಹಿಂಬದಿ ತೆರೆದಿರುತ್ತದೆ. ಕೇಸರಿಗೆ ಬೇಕಾದದ್ದು ಹಿಂಬದಿ ಮುಚ್ಚಿ ಮೊಟ್ಟೆಯ ಆಕಾರಕ್ಕೆ ಬಂದು, ಹಿಮ್ಮಡಿಗೆ ಆಸರೆಯಾಗುವ ಲಾಳ. ಶಬ್ನಾ ರಟ್ಟಿನ ಮೇಲೆ ಗೊರಸಿನ ಅಚ್ಚು ಬರೆದುಕೊಟ್ಟಳು. ಶರೀಫ್ ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ ಲಾಳದ ಎರಡು ತುದಿಗೆ ಬೆಸೆದರು. ಮೊದಲನೆಯದು ಕಿರಿದಾಯಿತು. ಮೂವತ್ತು ವರ್ಷ ಗೇಟು, ಕಿಟಕಿ ಮಾಡಿದ ಶರೀಫ್ ಅದನ್ನು ಪಕ್ಕಕ್ಕೆಸೆದು, ಅಂಗಿಯ ತೋಳು ಮೇಲೇರಿಸಿ ಎರಡನೆಯದಕ್ಕೆ ಕೈಹಾಕಿದರು. ಅದನ್ನು ನೀರಿನಲ್ಲಿ ತಣಿಸಿ ಗೊರಸಿಗೆ ಹಿಡಿದರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ!

"ಬಾಪಾ!" ಎಂದು ಶಬ್ನಾ ಕೂಗಿದ ರಭಸಕ್ಕೆ ಕೇಸರಿಯೇ ತಿರುಗಿ ನೋಡಿತು.

ಕೊನೆಗೆ ಮೊಳೆ ಹೊಡೆಯುವ ಕೆಲಸ. ಮೊಳೆ ಗೊರಸಿನ ಗಟ್ಟಿ ಭಾಗದಲ್ಲೇ ಹೋಗಬೇಕು. ಒಳಗಿನ ಜೀವಕ್ಕೆ ತಾಗಿದರೆ ಇರುವ ನೋವಿಗೆ ಹೊಸ ನೋವು ಸೇರುತ್ತದೆ. ಒಂದು, ಎರಡು, ಮೂರು. ಪ್ರತಿ ಪೆಟ್ಟಿಗೂ ಟಣ್ ಎಂಬ ಗಟ್ಟಿ ಸದ್ದು. ನಾಲ್ಕನೆಯದರ ಎರಡನೇ ಪೆಟ್ಟಿಗೆ ಸದ್ದು ಮೆತ್ತಗಾಯಿತು. ಒಳಗಿನ ಜೀವಕ್ಕೆ ತಾಗಿತೇ? ಶಬ್ನಾ ತಟ್ಟನೆ ಮೊಳೆಯನ್ನು ಹಿಂದಕ್ಕೆ ಎಳೆದು, ತುದಿಯನ್ನು ಬೆಳಕಿಗೆ ಹಿಡಿದಳು. ಒಣಗಿತ್ತು; ರಕ್ತವಿಲ್ಲ. ಅವಳು ಕಾಲು ಕೆಳಗಿಟ್ಟು, ಬೆವರು ಒರೆಸಿ, ಕೇಸರಿಯ ಪಕ್ಕೆಗೆ ಹಣೆ ಆನಿಸಿ ಸ್ವಲ್ಪ ಹೊತ್ತು ನಿಂತಳು.

"ಸಾಕು ಮಾಡುವನಾ?" ಶರೀಫ್ ಮೆಲ್ಲಗೆ ಕೇಳಿದರು.

"ಬೇಡ. ಮೊಳೆ ಸ್ವಲ್ಪ ಓರೆ ಹೋಯ್ತು. ಈಗ ಗೊತ್ತಾಯ್ತು."

ಮೊಳೆಯ ಓರೆಯನ್ನು ಬದಲಿಸಿ ಮತ್ತೆ ಹೊಡೆದಳು. ಟಣ್! ಸರಸಕ್ಕ ಜೋರಾಗಿ ಉಸಿರುಬಿಟ್ಟರು. ಐದು, ಆರು. ಬಲ ಮುಂಗಾಲಿಗೂ ಸಮನಾದ ಎತ್ತರದ ಲಾಳ ಕಟ್ಟಿ ಮುಗಿಸುವಾಗ ಬಿಸಿಲು ಅಂಗಳದಿಂದ ಜಾರಿತ್ತು.

ರಮಾನಾಥ ಹಗ್ಗ ಹಿಡಿದು, "ಬಾ ಮಗಾ" ಎಂದರು. ಕೇಸರಿ ಹೊಸಿಲಿನಲ್ಲಿ ಅನುಮಾನಿಸಿತು. ಎಡಗಾಲನ್ನು ನೆಲಕ್ಕೆ ಇಟ್ಟಿತು. ಇನ್ನೊಂದು ಹೆಜ್ಜೆ. ಗೊರಸಿನ ತುದಿ ನೆಲಕ್ಕೆ ತಾಗದೆ ನೀಟಾಗಿ ಎದ್ದಿತು. ಅಂಗಳ ದಾಟುವಾಗ ಅದರ ತಲೆ ಮೇಲಕ್ಕೇರಿತು, ಮೂಗಿನ ಹೊಳ್ಳೆ ಅರಳಿತು. ಕೊಯ್ಲಾದ ಗದ್ದೆ ಕಂಡದ್ದೇ ತಡ, ರಮಾನಾಥರ ಕೈಯಿಂದ ಹಗ್ಗ ಕಿತ್ತುಕೊಂಡು ಲಗುಬಗೆಯಿಂದ ಓಡತೊಡಗಿತು!

"ಹಿಡೀರಿ! ಓಡಬಾರದು! ಎರಡು ವಾರ ಬರೀ ನಡಿಗೆ!" ಶಬ್ನಾ ಏಪ್ರನ್ನಿನಲ್ಲೇ ಗದ್ದೆಗೆ ಹಾರಿದಳು. ಅವಳ ಹಿಂದೆ ಅರುವತ್ತರ ರಮಾನಾಥ ಲುಂಗಿ ಎತ್ತಿ ಕಟ್ಟಿಕೊಂಡು ಓಡಿದರು. ನಗುತ್ತಿದ್ದರು, ಅಳುತ್ತಲೂ ಇದ್ದರು. ಬದುವಿನ ಬಳಿ ಕೇಸರಿ ತಾನಾಗಿಯೇ ನಿಂತು ಹುಲ್ಲಿಗೆ ಬಾಯಿ ಹಾಕಿತು.

ಶಬ್ನಾ ಏದುಸಿರು ಬಿಡುತ್ತಾ ಮಂಡಿಯೂರಿ, ಆ ಉಬ್ಬಿದ ನರದ ಮೇಲೆ ಅಂಗೈ ಇಟ್ಟಳು. ಹೊಸ ಗಾಯದ ಬಿಸಿಯಿರಲಿಲ್ಲ. ಕೇಸರಿ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

"ಹೇಗುಂಟು?" ರಮಾನಾಥ ಕೇಳಿದರು.

"ಓಡಿದ್ದಕ್ಕೆ ನಿಮಗೆ ಇಬ್ಬರಿಗೂ ಬೈಯಬೇಕು," ಎಂದಳು ಶಬ್ನಾ, ನಗು ತಡೆಯಲಾಗದೆ. "ಕಾಲು ಚೆನ್ನಾಗಿ ಉಂಟು ಅಣ್ಣ. ಇನ್ನು ಐದು ವಾರಕ್ಕೆ ಬರ್ತೇನೆ. ಒಂದು ದಿನವೂ ತಡ ಮಾಡ್ಲಿಕ್ಕಿಲ್ಲ."

ರಮಾನಾಥ ಹಗ್ಗವನ್ನು ಅವಳ ಕೈಗೆ ಕೊಟ್ಟರು. "ನೀನೇ ನಡೆಸಿಕೊಂಡು ಬಾ ಮಗಾ," ಎಂದರು.